ಬಿಎಸ್ಸಿಯಲ್ಲೇ ಒಂದು ನಿಜವಾದ ಪ್ರಯೋಗ: ಹಣ್ಣಿನ ನೊಣ, ಬೆಲ್ಲ ಮತ್ತು ಮೂವತ್ತು ವಯಲ್‌ಗಳು

ಜೀವವಿಜ್ಞಾನ ಓದುತ್ತಿರುವ ಬಿಎಸ್ಸಿ ವಿದ್ಯಾರ್ಥಿಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: ‘ನಮ್ಮ ಕಾಲೇಜಿನಲ್ಲಿ ಪಿಸಿಆರ್ (ಡಿಎನ್ಎ ಪ್ರತಿಗಳನ್ನು ಮಾಡುವ ಯಂತ್ರ) ಇಲ್ಲ, ಒಳ್ಳೆಯ ಮೈಕ್ರೋಸ್ಕೋಪ್ ಇರುವುದೇ ಒಂದೆರಡು. ನಾವು ಸಂಶೋಧನೆ ಮಾಡೋದು ಹೇಗೆ?’ ಉತ್ತರವನ್ನು ಬರೀ ಸಲಹೆಯಾಗಿ ಹೇಳಿದರೆ ಪ್ರಯೋಜನವಿಲ್ಲ. ಆದ್ದರಿಂದ ಒಂದು ಸೆಮಿಸ್ಟರ್‌ನಲ್ಲಿ, ಮೂರು ಜನ ಸೇರಿ, ಸಾಧಾರಣ ಕಾಲೇಜು ಲ್ಯಾಬಿನಲ್ಲಿ ಮಾಡಿ ಮುಗಿಸಬಹುದಾದ ಒಂದು ಪ್ರಯೋಗವನ್ನು ಆರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ವಿವರಿಸಿದ್ದೇವೆ.

ಪ್ರಾಣಿ: ಹಣ್ಣಿನ ನೊಣ, ಅಂದರೆ ಡ್ರೊಸೊಫಿಲ ಮೆಲನೊಗ್ಯಾಸ್ಟರ್. ಪ್ರಶ್ನೆ: ಆಹಾರದಲ್ಲಿ ಬೆಲ್ಲ ಹೆಚ್ಚಾದರೆ ಮೊಟ್ಟೆ ನೊಣವಾಗಲು ಹಿಡಿಯುವ ಸಮಯ ಬದಲಾಗುತ್ತದೆಯೇ? ಬದುಕುಳಿಯುವ ನೊಣಗಳ ಸಂಖ್ಯೆ ಬದಲಾಗುತ್ತದೆಯೇ?

ಈ ಪ್ರಾಣಿಯನ್ನೇ ಆರಿಸಲು ಕಾರಣಗಳಿವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊಟ್ಟೆಯಿಂದ ನೊಣವಾಗಲು ಸುಮಾರು ಹತ್ತು ದಿನ ಸಾಕು. ಒಮ್ಮೆ ಕೆಟ್ಟರೆ ಅದೇ ಸೆಮಿಸ್ಟರ್‌ನಲ್ಲಿ ಮತ್ತೊಮ್ಮೆ ಮಾಡಬಹುದು. ಇಲಿ, ಹೆಗ್ಗಣಗಳಂಥ ಕಶೇರುಕಗಳ ಮೇಲೆ ಪ್ರಯೋಗ ಮಾಡಲು ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಕಡ್ಡಾಯ. ನೊಣಕ್ಕೆ ಅದು ಬೇಕಿಲ್ಲ. ಜೊತೆಗೆ ಈ ಕೆಲಸಕ್ಕೆ ನಮ್ಮಲ್ಲೇ ಬೇರಿದೆ: ಮೈಸೂರಿನ ಮಾನಸಗಂಗೋತ್ರಿಯಲ್ಲಿ ದಶಕಗಳಿಂದ ಡ್ರೊಸೊಫಿಲ ಸಂಶೋಧನೆ ನಡೆಯುತ್ತಿದೆ, ಅಲ್ಲಿ ತಳಿಗಳನ್ನು ಕಾಪಾಡುವ ಸ್ಟಾಕ್ ಸೆಂಟರ್ ಇದೆ. ಕೆಳಗೆ ಕೊಟ್ಟಿರುವ ರವೆ-ಬೆಲ್ಲದ ಆಹಾರವೂ ಮೈಸೂರಿನ ಲ್ಯಾಬುಗಳಲ್ಲಿ ಬಳಕೆಯಲ್ಲಿರುವುದೇ.

ಪ್ರಶ್ನೆ ಎಷ್ಟು ಚಿಕ್ಕದಿರಬೇಕು?

ಹೆಚ್ಚಿನ ವಿದ್ಯಾರ್ಥಿ ಪ್ರಾಜೆಕ್ಟ್‌ಗಳು ಹಾಳಾಗುವುದು ಇಲ್ಲೇ. ‘ಔಷಧೀಯ ಸಸ್ಯಗಳಿಂದ ಕ್ಯಾನ್ಸರ್ ನಿಯಂತ್ರಣ’ ಎಂಬ ಶೀರ್ಷಿಕೆಗೆ ಒಂದು ಸೆಮಿಸ್ಟರ್‌ನಲ್ಲಿ ಉತ್ತರ ಸಿಗುವುದಿಲ್ಲ. ಕೊನೆಗೆ ಇಂಟರ್ನೆಟ್ಟಿನಿಂದ ಎತ್ತಿದ ಪುಟಗಳೇ ವರದಿಯಾಗುತ್ತವೆ. ಒಂದೇ ಅಂಶವನ್ನು ಬದಲಿಸಿ, ಒಂದೆರಡು ಸಂಗತಿಗಳನ್ನು ಎಣಿಸಿ ಅಥವಾ ಅಳೆದು ಉತ್ತರಿಸಬಹುದಾದ ಪ್ರಶ್ನೆ ಇಟ್ಟುಕೊಳ್ಳಿ. ಇಲ್ಲಿ ಬದಲಾಗುವುದು ಬೆಲ್ಲ ಮಾತ್ರ. ಎಣಿಸುವುದು ನೊಣ, ಬರೆದಿಡುವುದು ಗಂಟೆ. ಸಕ್ಕರೆ ಅತಿಯಾದ ಆಹಾರದಲ್ಲಿ ನೊಣದ ಮರಿಹುಳುಗಳು ನಿಧಾನವಾಗಿ ಬೆಳೆಯುತ್ತವೆ ಎಂಬುದು ಹಿಂದೆಯೇ ಕಂಡುಬಂದಿದೆ. ಬೆಲ್ಲದಲ್ಲಿ, ನಿಮ್ಮ ತಳಿಯಲ್ಲಿ, ನೀವು ಕೊಡುವ ಪ್ರಮಾಣದಲ್ಲಿ ಹಾಗಾಗುತ್ತದೆಯೇ ಎಂದು ನೋಡುವುದು ಬಿಎಸ್ಸಿ ಮಟ್ಟಕ್ಕೆ ಘನವಾದ ಕೆಲಸವೇ. ವ್ಯತ್ಯಾಸ ಕಾಣದಿದ್ದರೆ ಅದೂ ಫಲಿತಾಂಶ. ಅದನ್ನು ಹಾಗೆಯೇ ಬರೆಯಿರಿ.

ಬೇಕಾದ ಸಾಮಾನು

ಮೂರು ಇಂಚು ಎತ್ತರ, ಒಂದು ಇಂಚು ಅಗಲದ ಗಾಜಿನ ವಯಲ್‌ಗಳು, ಕನಿಷ್ಠ ನಲವತ್ತು. ತಳಿ ಸಾಕಲು ಅಗಲ ಬಾಯಿಯ ಎಂಟ್ಹತ್ತು ಬಾಟಲಿ. ನೀರು ಹೀರದ ಹತ್ತಿ. ಚಿರೋಟಿ ರವೆ, ಬೆಲ್ಲ, ಆಹಾರ ಗಟ್ಟಿಯಾಗಲು ಅಗರ್ ಪುಡಿ, ಒಣ ಯೀಸ್ಟ್, ಬೂಷ್ಟು ತಡೆಯಲು ಪ್ರೊಪಿಯಾನಿಕ್ ಆಮ್ಲ. ಸ್ಟೀರಿಯೋ ಮೈಕ್ರೋಸ್ಕೋಪ್ ಒಂದಾದರೂ ಇರಲಿ. ಸೂಜಿ, ಅತಿ ಸಣ್ಣ ಮೊನೆಯ ಚಿತ್ರಕಲೆಯ ಕುಂಚ, ಪೆಟ್ರಿ ತಟ್ಟೆ, ಹತ್ತನೇ ಒಂದು ಗ್ರಾಂ ತೋರಿಸುವ ತಕ್ಕಡಿ, ಗರಿಷ್ಠ-ಕನಿಷ್ಠ ಉಷ್ಣಮಾಪಕ, ಒಂದು ಫ್ರಿಜ್.

ಬಿಓಡಿ ಇನ್‌ಕ್ಯುಬೇಟರ್, ಅಂದರೆ ತಾಪಮಾನವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಪೆಟ್ಟಿಗೆ, ಮೈಕ್ರೋಬಯಾಲಜಿ ವಿಭಾಗದಲ್ಲಿ ಇರಬಹುದು, ವಿಚಾರಿಸಿ. ಆದರೆ ಬ್ಯಾಕ್ಟೀರಿಯಾ ಬೆಳೆಸುವ ಪೆಟ್ಟಿಗೆಯನ್ನು ಹಂಚಿಕೊಳ್ಳಬೇಡಿ. ಸಿಗದಿದ್ದರೆ ಗೋಡೆ ಪಕ್ಕದ ತಂಪು ಕಪಾಟಿನಲ್ಲಿ ಥರ್ಮೋಕೋಲ್ ಪೆಟ್ಟಿಗೆ ಇಟ್ಟು, ದಿನಕ್ಕೆರಡು ಸಲ ತಾಪಮಾನ ಬರೆದುಕೊಳ್ಳಿ.

1. ಗೈಡ್ ಮತ್ತು ತಳಿ

ಅಧ್ಯಾಪಕರ ಬಳಿ ‘ಏನಾದರೂ ಪ್ರಾಜೆಕ್ಟ್ ಕೊಡಿ ಸರ್’ ಎಂದು ಹೋಗಬೇಡಿ. ಒಂದು ಪುಟ ಬರೆದು ಒಯ್ಯಿರಿ: ಪ್ರಶ್ನೆ, ಬೇಕಾದ ಸಾಮಾನು, ವಾರವಾರದ ಯೋಜನೆ, ಲ್ಯಾಬ್ ಯಾವ ಹೊತ್ತಿನಲ್ಲಿ ತೆರೆದಿರಬೇಕು. ಬೆಳಿಗ್ಗೆ ಎಂಟಕ್ಕೆ ಲ್ಯಾಬಿನ ಬೀಗ ಯಾರು ತೆಗೆಯುತ್ತಾರೆ ಎಂಬುದು ಮೊದಲ ದಿನವೇ ತೀರ್ಮಾನವಾಗಲಿ. ಅಟೆಂಡರ್ ಜೊತೆ ನೀವೇ ಮಾತಾಡಿ. ಎಣಿಕೆಯ ವಾರದಲ್ಲಿ ಇಡೀ ಪ್ರಯೋಗ ಅವರ ಬೀಗದ ಕೈ ಮೇಲೆ ನಿಂತಿರುತ್ತದೆ.

ತಳಿಯನ್ನು ಸ್ಟಾಕ್ ಸೆಂಟರ್‌ನಿಂದ ಅಥವಾ ನೊಣ ಸಾಕುತ್ತಿರುವ ಹತ್ತಿರದ ವಿಶ್ವವಿದ್ಯಾಲಯ ವಿಭಾಗದಿಂದ, ನಿಮ್ಮ ವಿಭಾಗ ಮುಖ್ಯಸ್ಥರ ಪತ್ರದೊಂದಿಗೆ ಕೇಳಿ ತನ್ನಿ. ಓರೆಗಾನ್-ಆರ್ ಅಥವಾ ಕ್ಯಾಂಟನ್-ಎಸ್ ಎಂಬ ಸಾಮಾನ್ಯ ತಳಿ ಸಾಕು. ಬಾಳೆಹಣ್ಣು ಇಟ್ಟು ಹಿಡಿದ ನೊಣಗಳಿಂದ ಈ ಪ್ರಯೋಗ ಮಾಡಬೇಡಿ. ಒಂದೇ ಬಾಟಲಿಗೆ ಮೂರ್ನಾಲ್ಕು ಪ್ರಭೇದಗಳು ಬಂದು ಬೀಳುತ್ತವೆ, ಒಂದೊಂದರ ಬೆಳವಣಿಗೆಯ ಕಾಲ ಒಂದೊಂದು.

ಬಂದ ತಳಿಯನ್ನು ಎರಡು ತಲೆಮಾರು ಬೇರೆಯಾಗಿಡಿ. ಕೋಶಗಳ (ಮರಿಹುಳು ನೊಣವಾಗುವ ಮೊದಲಿನ ಪ್ಯೂಪಾಗಳ) ಮೇಲೆ ಹರಿದಾಡುವ ಸಣ್ಣ ಬಿಳಿ ಚುಕ್ಕೆಗಳು ಕಂಡರೆ ಅದು ನುಸಿ. ಒಂದು ಬಾಟಲಿಗೆ ಬಂದದ್ದು ವಾರದಲ್ಲಿ ಎಲ್ಲ ಬಾಟಲಿಗೂ ಹರಡುತ್ತದೆ. ಆ ಬಾಟಲಿಯನ್ನು ಕೂಡಲೇ ಫ್ರೀಜರ್‌ಗೆ ಹಾಕಿ, ಮೇಜು ಒರೆಸಿ, ಹೊಸ ತಳಿ ತರಿಸಿ.

2. ಕ್ಯಾಲೆಂಡರ್

ಪ್ರಯೋಗದ ದಿನ 1,500 ಮೊಟ್ಟೆ ಬೇಕು. ಅದಕ್ಕೆ ಇನ್ನೂರರಷ್ಟು ಹೆಣ್ಣು ನೊಣಗಳು, ಅಷ್ಟೇ ಗಂಡುಗಳು ಬೇಕು. ತಂದ ಒಂದು ವಯಲ್ ತಳಿ ಅಷ್ಟಾಗಲು ಎರಡು ತಲೆಮಾರು ಹಿಡಿಯುತ್ತದೆ. ಆದ್ದರಿಂದ ಮೊಟ್ಟೆ ಎಣಿಸುವ ದಿನಕ್ಕಿಂತ ಐದಾರು ವಾರ ಮೊದಲೇ ತಳಿ ಕೈಯಲ್ಲಿರಬೇಕು.

ಮೊಟ್ಟೆ ಇಡಿಸುವುದನ್ನು ಸೋಮವಾರ ಇಟ್ಟುಕೊಳ್ಳಿ. 25 ಡಿಗ್ರಿಯಲ್ಲಿ ನೊಣಗಳು ಮುಂದಿನ ವಾರದ ಬುಧವಾರದಿಂದ ಶನಿವಾರದೊಳಗೆ ಹೊರಬರುತ್ತವೆ. ಗುರುವಾರ ಇಡಿಸಿದರೆ ಹತ್ತನೇ ದಿನ ಭಾನುವಾರ ಬೀಳುತ್ತದೆ. ಬೀಗ ಹಾಕಿದ ಕಾಲೇಜಿನೊಳಗೆ ನಿಮ್ಮ ಮುಖ್ಯ ದತ್ತಾಂಶ ಹಾರಾಡುತ್ತಿರುತ್ತದೆ. ತಾಪಮಾನ 22 ಡಿಗ್ರಿ ಇದ್ದರೆ ಇನ್ನೂ ಎರಡು-ಮೂರು ದಿನ ಹೆಚ್ಚು ಹಿಡಿಯುವುದರಿಂದ ಲೆಕ್ಕ ಬದಲಿಸಿಕೊಳ್ಳಿ. ದಸರಾ ರಜೆ, ಇಂಟರ್ನಲ್ ಪರೀಕ್ಷೆ, ಕಾಲೇಜು ಹಬ್ಬ ಎಲ್ಲವನ್ನೂ ಗುರುತು ಹಾಕಿಯೇ ದಿನ ಆರಿಸಿ.

ಇನ್‌ಕ್ಯುಬೇಟರ್ ಇಲ್ಲದ ಕಲಬುರಗಿ, ರಾಯಚೂರು, ಬಳ್ಳಾರಿಯ ಕಾಲೇಜುಗಳವರು ಬೇಸಿಗೆಯಲ್ಲಿ ಇದಕ್ಕೆ ಕೈ ಹಾಕಬಾರದು. 30 ಡಿಗ್ರಿಯ ಆಸುಪಾಸಿನಲ್ಲೇ ಗಂಡು ನೊಣಗಳು ಸಂತಾನಶಕ್ತಿ ಕಳೆದುಕೊಳ್ಳುತ್ತವೆ: ಮೊಟ್ಟೆಗಳೇನೋ ಕಾಣುತ್ತವೆ, ಒಡೆಯುವುದಿಲ್ಲ.

3. ಆಹಾರ ತಯಾರಿ

ಒಂದು ಲೀಟರಿನ ಮೂಲ ಅಳತೆ: ರವೆ 100 ಗ್ರಾಂ, ಬೆಲ್ಲ 100 ಗ್ರಾಂ, ಅಗರ್ 10 ಗ್ರಾಂ, ಪ್ರೊಪಿಯಾನಿಕ್ ಆಮ್ಲ 7.5 ಮಿಲಿಲೀಟರ್. ತಳಿ ಸಾಕಲು ಇದೇ ಸಾಕು.

ಪ್ರಯೋಗಕ್ಕೆ ಮೂರು ಬಗೆಯ ಆಹಾರ, ಪ್ರತಿಯೊಂದೂ 200 ಮಿಲಿಲೀಟರ್. ಮೂರಕ್ಕೂ ರವೆ 20 ಗ್ರಾಂ, ಅಗರ್ 2 ಗ್ರಾಂ, ಆಮ್ಲ 1.5 ಮಿಲಿಲೀಟರ್. ಬೆಲ್ಲ ಮಾತ್ರ ಕ್ರಮವಾಗಿ 10, 20 ಮತ್ತು 40 ಗ್ರಾಂ. ನಡುವಿನದು ಮಾಮೂಲಿ ಆಹಾರ, ಅಂದರೆ ಹೋಲಿಕೆಗೆ ಇಟ್ಟುಕೊಳ್ಳುವ ಕಂಟ್ರೋಲ್.

ಇಲ್ಲಿ ಕಣ್ಣಿಗೆ ಬೀಳದ ಒಂದು ತಪ್ಪು ಕಾದಿದೆ. ಮೂರಕ್ಕೂ 200 ಮಿಲಿಲೀಟರ್ ನೀರು ಅಳೆದು ಹಾಕಿದರೆ, ಬೆಲ್ಲ ಹೆಚ್ಚಿರುವ ಪಾತ್ರೆಯಲ್ಲಿ ಒಟ್ಟು ಪ್ರಮಾಣ ಹೆಚ್ಚಾಗಿ ರವೆ, ಅಗರ್, ಆಮ್ಲ ಎಲ್ಲವೂ ತೆಳುವಾಗುತ್ತವೆ. ಆಗ ನೀವು ಬದಲಿಸಿದ್ದು ಬೆಲ್ಲವೊಂದನ್ನೇ ಅಲ್ಲ. ಆದ್ದರಿಂದ ಕಡಿಮೆ ನೀರಿನಲ್ಲಿ ಶುರುಮಾಡಿ, ಕುದಿಸಿದ ಮೇಲೆ ಬಿಸಿನೀರು ಸೇರಿಸಿ ಮೂರನ್ನೂ 200ರ ಗೆರೆಗೆ ತನ್ನಿ. ಕುದಿಯುವಾಗ ಆವಿಯಾದ ನೀರೂ ಇದರಿಂದ ಸರಿಹೋಗುತ್ತದೆ.

ಬೆಲ್ಲವನ್ನು ಒಂದೇ ಅಚ್ಚಿನಿಂದ ಅಥವಾ ಒಂದೇ ಉಂಡೆಯಿಂದ ಪುಡಿಮಾಡಿ, ಚೆನ್ನಾಗಿ ಬೆರೆಸಿ ಡಬ್ಬಿಯಲ್ಲಿಡಿ. ಕಪ್ಪು ಬೆಲ್ಲಕ್ಕೂ, ರಾಸಾಯನಿಕ ಹಾಕಿ ಬಿಳಿಚಿಸಿದ ಹಳದಿ ಬೆಲ್ಲಕ್ಕೂ ಬಹಳ ವ್ಯತ್ಯಾಸವಿದೆ. ಕಪ್ಪು ಬೆಲ್ಲವೇ ಒಳ್ಳೆಯದು. ಯಾವುದನ್ನು ಬಳಸಿದಿರಿ ಎಂದು ವರದಿಯಲ್ಲಿ ಬರೆಯಿರಿ.

ಮಾಡುವ ಕ್ರಮ: ಅಗರ್ ಅನ್ನು ತಣ್ಣೀರಿನಲ್ಲಿ ಕಲಸಿ ಒಲೆಗಿಡಿ. ಕರಗಿದ ಮೇಲೆ ಬೆಲ್ಲ ಹಾಕಿ. ರವೆಯನ್ನು ಬೇರೆ ಬಟ್ಟಲಲ್ಲಿ ಸ್ವಲ್ಪ ತಣ್ಣೀರಿನಲ್ಲಿ ಕದಡಿ, ಗಂಟಾಗದಂತೆ ತಿರುವುತ್ತಾ ಸುರಿಯಿರಿ. ಗಂಜಿಯ ಹದ ಬರುವವರೆಗೆ ಏಳೆಂಟು ನಿಮಿಷ ಕುದಿಸಿ ಇಳಿಸಿ. ಪಾತ್ರೆಯ ಬಿಸಿ 60 ಡಿಗ್ರಿಗೆ ಇಳಿದ ಮೇಲೆಯೇ ಪ್ರೊಪಿಯಾನಿಕ್ ಆಮ್ಲ ಹಾಕಬೇಕು. ಕುದಿಯುವಾಗ ಹಾಕಿದರೆ ಆಮ್ಲ ಹಾರಿಹೋಗಿ ಮೂರನೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ, ಅದರ ಹೊಗೆ ನಿಮ್ಮ ಕಣ್ಣು-ಮೂಗಿಗೂ ಹೊಡೆಯುತ್ತದೆ. ಕೈಗವಸು ಹಾಕಿ, ಕಿಟಕಿ ತೆರೆದು ಕೆಲಸ ಮಾಡಿ. ತೀರಾ ತಡ ಮಾಡಿದರೆ ಅಗರ್ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ.

ಪ್ರತಿ ವಯಲ್‌ಗೆ ಸಿರಿಂಜಿನಲ್ಲಿ 6 ಮಿಲಿಲೀಟರ್ ಅಳೆದು ಹಾಕಿ. ಅಂದಾಜು ಸುರಿಯಬೇಡಿ. ವಯಲ್‌ಗಳ ಮೇಲೆ ತೆಳು ಬಟ್ಟೆ ಹೊದಿಸಿ ರಾತ್ರಿಯಿಡೀ ಬಿಡಿ. ಬಿಸಿಯಿರುವಾಗಲೇ ಹತ್ತಿ ತುರುಕಿದರೆ ಒಳಗೆ ನೀರಹನಿ ಕಟ್ಟಿ ನೊಣಗಳು ಗಾಜಿಗಂಟಿ ಸಾಯುತ್ತವೆ. ಮರುದಿನ 10 ಮಿಲಿಲೀಟರ್ ನೀರಿಗೆ 1 ಗ್ರಾಂ ಒಣ ಯೀಸ್ಟ್ ಕದಡಿ, ವಯಲ್ ಒಂದಕ್ಕೆ ಎರಡೇ ಹನಿ ಹಾಕಿ. ಮರಿಹುಳುವಿಗೆ ಸಿಗುವ ಪ್ರೋಟೀನಿನ ದೊಡ್ಡ ಪಾಲು ಯೀಸ್ಟಿನದು. ಕೈಯಲ್ಲಿ ಉದುರಿಸಿದರೆ ಒಂದು ವಯಲ್‌ಗೆ ಔತಣ, ಇನ್ನೊಂದಕ್ಕೆ ಉಪವಾಸ. ಆಮೇಲೆ ಕಾಣುವ ವ್ಯತ್ಯಾಸ ಬೆಲ್ಲದ್ದೋ ಯೀಸ್ಟಿನದ್ದೋ ಹೇಳಲಾಗದು.

ಮೂರು ಬಗೆಯ ಆಹಾರವನ್ನೂ ಒಂದೇ ದಿನ, ಒಂದೇ ಸಾಮಾನಿನಿಂದ ಮಾಡಿ.

4. ಮೊಟ್ಟೆ ಇಡಿಸುವುದು, ಎಣಿಸುವುದು

ಇಡೀ ಪ್ರಯೋಗದಲ್ಲಿ ತಾಳ್ಮೆ ಬೇಡುವ ಭಾಗ ಇದೇ. ನಾಲ್ಕೈದು ದಿನ ವಯಸ್ಸಿನ, ಯೀಸ್ಟ್ ಚೆನ್ನಾಗಿ ತಿಂದ ನೊಣಗಳನ್ನು ಆರಿಸಿಕೊಳ್ಳಿ. ಪೆಟ್ರಿ ತಟ್ಟೆಯಲ್ಲಿ ಅಗರ್-ಬೆಲ್ಲ ಹುಯ್ದು, ನಡುವೆ ಚೂರು ಯೀಸ್ಟ್ ಪೇಸ್ಟ್ ಸವರಿ, ಗಾಳಿಗೆ ತೂತು ಮಾಡಿ ನೊಣಗಳನ್ನು ಬಿಟ್ಟ ಪ್ಲಾಸ್ಟಿಕ್ ಬಾಟಲಿಯ ಬಾಯಿಗೆ ಅಂಟಿಸಿ. ತಟ್ಟೆಯ ಅಗರ್‌ಗೆ ಸ್ವಲ್ಪ ಇದ್ದಿಲ ಪುಡಿ ಬೆರೆಸಿದರೆ ಬಿಳಿ ಮೊಟ್ಟೆ ಎದ್ದು ಕಾಣುತ್ತದೆ.

ಮೊದಲ ಒಂದು ಗಂಟೆಯ ತಟ್ಟೆಯನ್ನು ಬಿಸಾಡಿ. ಹೆಣ್ಣು ನೊಣ ಫಲಿತ ಮೊಟ್ಟೆಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಂಡಿರಬಹುದು. ಅಂಥ ಮೊಟ್ಟೆಗಳು ಉಳಿದವಕ್ಕಿಂತ ಗಂಟೆಗಟ್ಟಲೆ ಮುಂದಿರುತ್ತವೆ. ಆಮೇಲೆ ಹೊಸ ತಟ್ಟೆ ಕೊಟ್ಟು ನಾಲ್ಕು ಗಂಟೆ ಬಿಡಿ, ಉದಾಹರಣೆಗೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡು. ಸಮಯದ ಲೆಕ್ಕ ಈ ಅವಧಿಯ ನಡುವಿನಿಂದ, ಅಂದರೆ ಹನ್ನೆರಡು ಗಂಟೆಯಿಂದ ಶುರು.

ಸೂಕ್ಷ್ಮದರ್ಶಕದಡಿ ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದದ ಅಕ್ಕಿಕಾಳಿನಂತಿದ್ದು, ಒಂದು ತುದಿಯಲ್ಲಿ ಎರಡು ಎಳೆಗಳು ಚಾಚಿರುತ್ತವೆ. ಕುಂಚವನ್ನು ನೀರಿನಲ್ಲಿ ಅದ್ದಿ, ಮೊಟ್ಟೆಯನ್ನು ಕೆಳಗಿನಿಂದ ಎತ್ತಿ, ಸಣ್ಣ ಅಗರ್ ತುಂಡಿನ ಮೇಲೆ ಹತ್ತರ ಐದು ಸಾಲುಗಳಾಗಿ ಜೋಡಿಸಿ. ಐವತ್ತಾದ ಮೇಲೆ ಇನ್ನೊಬ್ಬರು ಎಣಿಸಿ ಹೌದೆಂದ ಬಳಿಕವೇ ಅಗರ್ ತುಂಡನ್ನು ವಯಲ್‌ನ ಆಹಾರದ ಮೇಲಿಡಿ. ಚುಚ್ಚಿದ, ಚಪ್ಪಟೆಯಾದ ಮೊಟ್ಟೆ ಬೇಡ. ತುಂಡಿನಲ್ಲಿ ಯೀಸ್ಟ್ ಪೇಸ್ಟ್ ಅಂಟಿರಬಾರದು.

ಐವತ್ತೇ ಏಕೆ? ಮರಿಹುಳುಗಳು ಕಿಕ್ಕಿರಿದರೆ ಬೆಳವಣಿಗೆ ತಡವಾಗುತ್ತದೆ, ನೊಣ ಸಣ್ಣದಾಗುತ್ತದೆ. ಒಂದು ವಯಲ್‌ನಲ್ಲಿ 40, ಇನ್ನೊಂದರಲ್ಲಿ 90 ಇದ್ದರೆ ನೀವು ನೋಡುವುದು ಇಕ್ಕಟ್ಟಿನ ಪರಿಣಾಮವನ್ನು.

ಮೂರು ಜನ ಕೆಲಸ ಹಂಚಿಕೊಳ್ಳುವಾಗ ‘ನಾನು ಕಡಿಮೆ ಬೆಲ್ಲದ್ದು, ನೀನು ಹೆಚ್ಚು ಬೆಲ್ಲದ್ದು’ ಎಂದು ಹಂಚಬೇಡಿ. ಒಬ್ಬರ ಕೈ ಒರಟಾಗಿದ್ದರೆ ಅವರ ಗುಂಪಿನ ಮೊಟ್ಟೆಗಳೇ ಹೆಚ್ಚು ಸಾಯುತ್ತವೆ. ಪ್ರತಿಯೊಬ್ಬರೂ ಮೂರೂ ಬಗೆಯ ವಯಲ್‌ಗಳನ್ನು ಸುಮಾರು ಸಮನಾಗಿ ತುಂಬಲಿ.

5. ಗುಟ್ಟಿನ ಸಂಖ್ಯೆ

ಬಗೆಗೆ ಹತ್ತು ವಯಲ್, ಒಟ್ಟು ಮೂವತ್ತು. ಪ್ರಯೋಗದಲ್ಲಿ ಇಲ್ಲದ ಗೆಳತಿಯೊಬ್ಬಳನ್ನು ಕರೆದು, ಚೀಟಿ ಎತ್ತಿ 1ರಿಂದ 30ರವರೆಗೆ ಸಂಖ್ಯೆ ಅಂಟಿಸಲು ಹೇಳಿ. ಯಾವ ಸಂಖ್ಯೆ ಯಾವ ಆಹಾರ ಎಂಬ ಪಟ್ಟಿ ಮುಚ್ಚಿದ ಲಕೋಟೆಯಲ್ಲಿ ಗೈಡ್ ಬಳಿ ಇರಲಿ. ಎಣಿಸುವವರಿಗೆ ಗುಂಪು ಗೊತ್ತಿಲ್ಲದ ಈ ಕ್ರಮವನ್ನು ಬ್ಲೈಂಡ್ ಎಣಿಕೆ ಎನ್ನುತ್ತಾರೆ. ಸುಳ್ಳು ಹೇಳುವ ಉದ್ದೇಶವಿಲ್ಲದವರ ಕಣ್ಣೂ ತಾನು ನಿರೀಕ್ಷಿಸಿದ್ದರ ಕಡೆ ವಾಲುತ್ತದೆ. ಹೆಚ್ಚು ಬೆಲ್ಲದ ಆಹಾರದ ಬಣ್ಣ ಗಾಢವಾಗಿರುತ್ತದಾದ್ದರಿಂದ ವಯಲ್‌ನ ಕೆಳಭಾಗಕ್ಕೆ ಕಾಗದ ಸುತ್ತಿ.

ವಯಲ್‌ಗಳನ್ನು ಸ್ಟ್ಯಾಂಡಿನಲ್ಲಿ ಸಂಖ್ಯೆಯ ಕ್ರಮದಲ್ಲೇ ಇಡಿ. ಒಂದು ಬಗೆಯದೆಲ್ಲ ಕಿಟಕಿ ಪಕ್ಕ, ಇನ್ನೊಂದು ಬಗೆಯದೆಲ್ಲ ಒಳಗೆ ಎಂದಾದರೆ ಬಿಸಿಲೇ ಫಲಿತಾಂಶ ಬರೆದುಬಿಡುತ್ತದೆ.

6. ಎಣಿಕೆಯ ವಾರ

ನೊಣಗಳು ಹೆಚ್ಚಾಗಿ ಹೊರಬರುವುದು ಬೆಳಗಿನ ಜಾವದಲ್ಲಿ. ಬೆಳಿಗ್ಗೆ ಎಂಟು, ಸಂಜೆ ನಾಲ್ಕು, ದಿನಕ್ಕೆ ಎರಡು ಸಲ ನೋಡಿ. ಹೊರಬಂದವನ್ನೆಲ್ಲ ಅದೇ ಸಂಖ್ಯೆಯ ಖಾಲಿ ವಯಲ್‌ಗೆ ತಟ್ಟಿ ಇಳಿಸಿ, ಇಪ್ಪತ್ತು ನಿಮಿಷ ಫ್ರೀಜರ್‌ನಲ್ಲಿಟ್ಟು, ಬಿಳಿ ಕಾಗದದ ಮೇಲೆ ಸುರಿದು ಗಂಡು-ಹೆಣ್ಣು ಬೇರೆಮಾಡಿ ಎಣಿಸಿ. ಮತ್ತೆ ಬಳಸದ ನೊಣಗಳಿಗೆ ಮಂಪರು ಬರಿಸುವ ಈಥರ್ ಬೇಕಿಲ್ಲ. ಅದು ಸುಲಭವಾಗಿ ಹೊತ್ತಿಕೊಳ್ಳುವ ದ್ರವ. ತಳಿ ಸಾಕುವಾಗ ಈಥರ್ ಬಳಸಿದರೆ ಬರ್ನರ್ ಆರಿಸಿರಲಿ. ರೆಕ್ಕೆ ಮೈಗೆ ನೆಟ್ಟಗೆ ಎದ್ದು ನಿಂತರೆ ನೊಣ ಅತಿಯಾಗಿ ಮಂಪರಾಗಿ ಸತ್ತಿದೆ ಎಂದರ್ಥ.

ಗಂಡು-ಹೆಣ್ಣು ಗುರುತಿಸುವಲ್ಲಿ ಎಚ್ಚರ. ಗಂಡಿನ ಹೊಟ್ಟೆಯ ತುದಿ ಕಪ್ಪು ಎಂದು ಪುಸ್ತಕದಲ್ಲಿದೆ, ಆದರೆ ಈಗಷ್ಟೇ ಹೊರಬಂದ ನೊಣ ಬಿಳಿಚಿಕೊಂಡಿದ್ದು ಕಪ್ಪು ಇನ್ನೂ ಬಂದಿರುವುದಿಲ್ಲ. ಅದನ್ನೇ ನಂಬಿದರೆ ಬೆಳಗಿನ ಎಣಿಕೆಯಲ್ಲಿ ಹೆಣ್ಣುಗಳೇ ತುಂಬಿಕೊಳ್ಳುತ್ತವೆ. ಮುಂಗಾಲು ನೋಡಿ: ಗಂಡಿಗೆ ಅಲ್ಲಿ ಸಣ್ಣ ಕಪ್ಪು ಬಾಚಣಿಗೆಯಂಥ ಕೂದಲ ಸಾಲಿದೆ. ಇದನ್ನು ಸೆಕ್ಸ್ ಕೋಂಬ್ ಎನ್ನುತ್ತಾರೆ, ಇದು ಮೊದಲ ಗಳಿಗೆಯಿಂದಲೇ ಕಾಣುತ್ತದೆ. ಹೆಣ್ಣುಗಳು ಗಂಡುಗಳಿಗಿಂತ ಕೆಲವು ಗಂಟೆ ಮೊದಲು ಹೊರಬರುವುದರಿಂದ ಎರಡರ ಲೆಕ್ಕ ಬೇರೆ ಬೇರೆ ಇರಬೇಕು.

ಒಂದು ನೊಣ ಹಾರಿ ತಪ್ಪಿಸಿಕೊಂಡರೆ ‘ಒಂದು ತಪ್ಪಿಸಿಕೊಂಡಿತು, ವಯಲ್ 17’ ಎಂದೇ ಬರೆಯಿರಿ. ಆಹಾರದ ಮೇಲ್ಮೈ ಹೊಳೆಯುವ ಲೋಳೆಯಾಗಿದ್ದರೆ ಬ್ಯಾಕ್ಟೀರಿಯಾ ಹಿಡಿದಿದೆ. ಆ ವಯಲ್ ಕೈಬಿಟ್ಟು ಕಾರಣ ದಾಖಲಿಸಿ. ಕೈಬಿಡುವ ತೀರ್ಮಾನ ಲಕೋಟೆ ಒಡೆಯುವ ಮೊದಲೇ ಆಗಬೇಕು, ನಂತರ ಕೂಡದು.

ನೋಟ್‌ಬುಕ್ ಪೆನ್ನಿನಲ್ಲಿರಲಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ, ಹಾಳೆ ಹರಿಯಬೇಡಿ. ಪ್ರತಿ ಸಂಜೆ ಆ ದಿನದ ಪುಟದ ಫೋಟೋ ತೆಗೆದು ಗುಂಪಿಗೆ ಕಳಿಸಿ.

ಸತತ ಎರಡು ದಿನ ಒಂದೂ ನೊಣ ಬಾರದಿದ್ದರೆ ಎಣಿಕೆ ಮುಗಿಸಿ. ತಡಮಾಡಿದರೆ ಮುಂದಿನ ತಲೆಮಾರಿನ ನೊಣಗಳು ಸೇರಿಕೊಳ್ಳುವ ಅಪಾಯವಿದೆ. ಉಳಿದುದನ್ನೆಲ್ಲ ಫ್ರೀಜರ್‌ನಲ್ಲಿಟ್ಟು ಸಾಯಿಸಿಯೇ ತೊಳೆಯಲು ಕಳಿಸಿ. ಲ್ಯಾಬ್ ತಳಿಗಳನ್ನು ಹೊರಗೆ ಬಿಡಬಾರದು.

7. ಲೆಕ್ಕ

ಒಂದು ವಯಲ್‌ನ ಉದಾಹರಣೆ ನೋಡಿ. 220ನೇ ಗಂಟೆಗೆ 10, 236ನೇ ಗಂಟೆಗೆ 20, 244ನೇ ಗಂಟೆಗೆ 12 ನೊಣ ಬಂದವು ಎಂದಿಟ್ಟುಕೊಳ್ಳಿ. ಒಟ್ಟು 42. ಬದುಕುಳಿದ ಪ್ರಮಾಣ 50ಕ್ಕೆ 42, ಅಂದರೆ ಶೇ. 84. ಸರಾಸರಿ ಕಾಲ: 220ನ್ನು 10ರಿಂದ, 236ನ್ನು 20ರಿಂದ, 244ನ್ನು 12ರಿಂದ ಗುಣಿಸಿ ಕೂಡಿ 42ರಿಂದ ಭಾಗಿಸಿದರೆ 234.5 ಗಂಟೆ. ಗಂಡು, ಹೆಣ್ಣುಗಳಿಗೂ ಹೀಗೆಯೇ ಪ್ರತ್ಯೇಕವಾಗಿ ಮಾಡಿ.

ಈಗ ಬಹಳ ಮುಖ್ಯವಾದ ಮಾತು. ಪ್ರತಿ ಬಗೆಗೆ ನಿಮ್ಮ ಬಳಿ ಇರುವ ಅಳತೆಗಳು ಹತ್ತೇ ಹೊರತು ಐನೂರಲ್ಲ. ಒಂದೇ ವಯಲ್‌ನ ನೊಣಗಳು ಒಂದೇ ಆಹಾರ, ಒಂದೇ ತೇವ, ಒಂದೇ ಜಾಗ ಹಂಚಿಕೊಂಡಿರುವುದರಿಂದ ಅವು ಸ್ವತಂತ್ರ ಸಾಕ್ಷಿಗಳಾಗುವುದಿಲ್ಲ. ಪ್ರತಿ ನೊಣವನ್ನೂ ಬೇರೆ ಬೇರೆ ಅಳತೆ ಎಂದು ಎಣಿಸುವ ತಪ್ಪಿಗೆ ಹುಸಿ ಪುನರಾವರ್ತನೆ ಎನ್ನಬಹುದು. ಈ ತಪ್ಪು ಮಾಡಿದರೆ ಇಲ್ಲದ ವ್ಯತ್ಯಾಸವೂ ಇದ್ದಂತೆ ಕಾಣುತ್ತದೆ. ವಯಲ್‌ನ ಸರಾಸರಿಯನ್ನೇ ಒಂದು ಅಳತೆಯಾಗಿ ತೆಗೆದುಕೊಳ್ಳಿ.

ಮೊದಲು ಗ್ರಾಫ್ ಬರೆಯಿರಿ: ಅಡ್ಡಕ್ಕೆ ಬೆಲ್ಲದ ಮೂರು ಮಟ್ಟ, ಉದ್ದಕ್ಕೆ ಗಂಟೆ, ಪ್ರತಿ ವಯಲ್‌ಗೆ ಒಂದು ಚುಕ್ಕೆ. ಮೂವತ್ತು ಚುಕ್ಕೆಗಳೂ ಕಾಣಲಿ. ಬರೀ ಮೂರು ಕಂಬ ನಿಲ್ಲಿಸಿದರೆ ಹರವು ಮರೆಯಾಗುತ್ತದೆ. ಆಮೇಲೆ ಅನೋವಾ ಮಾಡಿ. ಗುಂಪುಗಳ ನಡುವಿನ ವ್ಯತ್ಯಾಸ ಗುಂಪಿನೊಳಗಿನ ಸಹಜ ಏರುಪೇರಿಗಿಂತ ಎಷ್ಟು ದೊಡ್ಡದು ಎಂದು ತೂಗುವ ಪರೀಕ್ಷೆ ಅದು. ಆರ್ ಎಂಬ ಉಚಿತ ತಂತ್ರಾಂಶದಲ್ಲಿ ಇದಕ್ಕೆ ನಾಲ್ಕೈದು ಸಾಲು ಸಾಕು. ಪಿ-ಮೌಲ್ಯ (ನಿಜದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಂತರ ಆಕಸ್ಮಿಕವಾಗಿ ಕಾಣುವ ಸಂಭವ) ಒಂದನ್ನೇ ಬರೆದು ಬಿಡಬೇಡಿ, ಎಷ್ಟು ಗಂಟೆಯ ವ್ಯತ್ಯಾಸ ಎಂಬುದನ್ನೂ ಹೇಳಿ.

8. ಬರೆಯುವುದು ಮತ್ತು ಮುಂದೆ

ವರದಿಯಲ್ಲಿ ವಿಧಾನದ ಭಾಗವನ್ನು ಮೊದಲು ಬರೆಯಿರಿ, ಅದೂ ಪ್ರಯೋಗ ನಡೆಯುತ್ತಿರುವಾಗಲೇ. ಇನ್ನೊಂದು ಊರಿನ ವಿದ್ಯಾರ್ಥಿ ಅದನ್ನು ಓದಿ ಹಾಗೆಯೇ ಮಾಡುವಂತಿರಬೇಕು. ತಾಪಮಾನದ ಏರುಪೇರು, ಕೈಬಿಟ್ಟ ವಯಲ್‌ಗಳು, ತಪ್ಪಿಸಿಕೊಂಡ ನೊಣಗಳು ಎಲ್ಲವೂ ಅದರಲ್ಲಿರಲಿ. ಹಣ ಕಟ್ಟಿದರೆ ವಾರದೊಳಗೆ ಪ್ರಕಟಿಸುತ್ತೇವೆ ಎಂದು ಮೇಲ್ ಕಳಿಸುವ ಪತ್ರಿಕೆಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ವಿಭಾಗದಲ್ಲಿ ಒಂದು ಪೋಸ್ಟರ್ ಮಾಡಿ, ಪ್ರಶ್ನೆ ಕೇಳಿಸಿಕೊಳ್ಳಿ. ಕಲಿಯಲು ಅದು ಎಷ್ಟೋ ಉತ್ತಮ.

ಸ್ಟೀರಿಯೋ ಮೈಕ್ರೋಸ್ಕೋಪ್ ಕೂಡ ಇಲ್ಲದ ಕಾಲೇಜಾದರೆ ಇದೇ ಚೌಕಟ್ಟನ್ನು ಹೆಸರುಕಾಳಿಗೆ ಹಾಕಿ: ಉಪ್ಪಿನ ಮೂರು ಮಟ್ಟ, ಮಟ್ಟಕ್ಕೆ ಹತ್ತು ತಟ್ಟೆ, ತಟ್ಟೆಗೆ ಇಪ್ಪತ್ತೈದು ಕಾಳು, ಮೊಳಕೆಯೊಡೆದವುಗಳ ಎಣಿಕೆ. ಅಲ್ಲಿ ತಟ್ಟೆಯೇ ಅಳತೆಯ ಘಟಕ.

ಇಷ್ಟು ಮಾಡಿದವರು ಬೇಸಿಗೆ ಫೆಲೋಶಿಪ್‌ಗಳಿಗೆ ಅರ್ಜಿ ಹಾಕಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿಯ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಮತ್ತು ಪ್ರಯಾಗ್‌ರಾಜ್‌ನ ರಾಷ್ಟ್ರೀಯ ವಿಜ್ಞಾನಗಳ ಅಕಾಡೆಮಿ ಸೇರಿ ನಡೆಸುವ ಎರಡು ತಿಂಗಳ ಫೆಲೋಶಿಪ್‌ಗೆ ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಅರ್ಜಿ ಕರೆಯುತ್ತಾರೆ; ಏಪ್ರಿಲ್‌ನಲ್ಲಿ ಹುಡುಕಿದರೆ ಬಾಗಿಲು ಮುಚ್ಚಿರುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರಕಟಣೆಗಳನ್ನೂ ಗಮನಿಸುತ್ತಿರಿ. ಅರ್ಜಿಯಲ್ಲಿ ‘ಚಿಕ್ಕಂದಿನಿಂದ ವಿಜ್ಞಾನವೆಂದರೆ ಇಷ್ಟ’ ಎನ್ನುವ ಸಾಲಿನ ಬದಲು, ಮೂವತ್ತು ವಯಲ್‌ಗಳಲ್ಲಿ ಏನು ಕೇಳಿದಿರಿ, ಏನು ಸಿಕ್ಕಿತು, ಮುಂದಿನ ಸಲ ಏನು ಬದಲಿಸುತ್ತೀರಿ ಎಂದು ಹತ್ತು ಸಾಲು ಬರೆಯಿರಿ. ಶಿಫಾರಸು ಪತ್ರವನ್ನು ಕೊನೆಯ ದಿನಾಂಕಕ್ಕೆ ಮೂರು ವಾರ ಇರುವಾಗಲೇ ಗೈಡ್ ಬಳಿ ಕೇಳಿ, ಜೊತೆಗೆ ವರದಿಯ ಪ್ರತಿಯನ್ನೂ ಕೊಡಿ.